ನಗಾಡುವ ಅಕ್ಷರದಲ್ಲಿ ಮದುವೆ ಗಂಡುಗಳು

ಶಿರಸಿ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ, ಕುಕ್ಕರ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಸೆಂಟರ್ ಇತ್ತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನನಗೆ ಇಪ್ಪತ್ಮೂರು. ಊರು ಯಲ್ಲಾಪುರ ತಾಲೂಕಿನ ಇಡಗುಂದಿ ಕಡೆ. ಶಿರಸಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಕಾಂ. ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ, ಕಲಿತ ಜಾಗದಲ್ಲೇ ಕಲಿಸಲು ನಿಂತಿದ್ದೆ. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಲಗ್ನಪತ್ರಿಕೆ, ಲೆಟರ್‌ಹೆಡ್ಡು, ಕಾಲೇಜು ಹುಡುಗರ ಪ್ರಾಜೆಕ್ಟು.

ನಮ್ಮ ಮಾಲಕರಿಗೆ ಆಗ ವೆಬ್‌ಸೈಟಿನ ಹುಚ್ಚು ಹಿಡಿದಿತ್ತು. ಹುಬ್ಬಳ್ಳಿಯಲ್ಲಿ ಯಾರೋ ಮಾಡಿಕೊಡುತ್ತಾರೆಂದು ಕೇಳಿ ಬಂದವರೇ ಬಾಗಿಲಿಗೆ ‘ಇಲ್ಲಿ ವೆಬ್‌ಸೈಟ್ ಮಾಡಿಕೊಡಲಾಗುವುದು’ ಎಂಬ ಬೋರ್ಡು ತಗುಲಿಸಿದರು. ಅದರ ಕೆಳಗೆ ‘ಲ್ಯಾಮಿನೇಶನ್ ಮಾಡಿಕೊಡಲಾಗುವುದು’ ಎಂಬ ಹಳೆಯ ಬೋರ್ಡು ಹಾಗೇ ಇತ್ತು. ಜನ ಎರಡೂ ಒಂದೇ ಜಾತಿಯ ಕೆಲಸ ಎಂದುಕೊಂಡರು. ಒಬ್ಬರು ಹರಿದ ರೇಶನ್ ಕಾರ್ಡು ತಂದು, ಇದಕ್ಕೊಂದು ವೆಬ್‌ಸೈಟ್ ಹೊಡೆದುಕೊಡಿ, ಮಳೆಗಾಲಕ್ಕೆ ಬೇಕಾಗುತ್ತದೆ ಎಂದಿದ್ದೂ ಉಂಟು.

ಬೋರ್ಡು ಮಾಲಕರದು, ಕೆಲಸ ನನ್ನದು. ಒಂದು ದಪ್ಪ ಪುಸ್ತಕ ಎದುರಿಗಿಟ್ಟುಕೊಂಡು ಪುಟ ಕಟ್ಟುವುದನ್ನು ಕಲಿತೆ. ಓಡುವ ಸಾಲು, ಮಿನುಗುವ ಸಾಲು, ಎಷ್ಟು ಜನ ನೋಡಿದರೆಂದು ಲೆಕ್ಕ ಇಡುವ ಪುಟ್ಟ ಮೀಟರು, ಎಲ್ಲವನ್ನೂ ಕಲಿತೆ. ಆ ಮೀಟರಿನ ಬಹುಪಾಲು ಲೆಕ್ಕ ನಾನೇ ಮತ್ತೆ ಮತ್ತೆ ತೆರೆದು ನೋಡಿದ್ದು. ಹೀಗೆ ಕಲಿಯುವಾಗಲೇ ಕಾಮಿಕ್ ಸಾನ್ಸ್ ಎಂಬ ಅಕ್ಷರ ನನಗೆ ಸಿಕ್ಕಿತು. ಇಂಗ್ಲಿಷಿನ ಉಳಿದ ಅಕ್ಷರಗಳೆಲ್ಲ ತಹಶೀಲ್ದಾರರ ಕಚೇರಿಯಲ್ಲಿ ಸಾಲಾಗಿ ನಿಂತವರ ಹಾಗಿದ್ದರೆ, ಇದು ಮಾತ್ರ ಶಾಲೆ ಬಿಟ್ಟ ಕೂಡಲೇ ಓಡಿಬಂದ ಹಾಗಿತ್ತು. ದುಂಡಗೆ, ಸ್ವಲ್ಪ ವಾರೆಕೋರೆಯಾಗಿ, ಯಾರೋ ಸ್ಕೆಚ್ ಪೆನ್ನಿನಲ್ಲಿ ಖುಷಿಯಿಂದ ಬರೆದಂತೆ. ನನ್ನ ಸ್ವಂತ ಕೈಬರಹ ಡಾಕ್ಟರ ಚೀಟಿಗಿಂತ ಕಡೆ. ಜೀವನದಲ್ಲಿ ಮೊದಲ ಸಲ ನಾನು ಬರೆದದ್ದು ಚಂದ ಕಂಡಿತ್ತು. ಸಿಕ್ಕಿದ್ದಕ್ಕೆಲ್ಲ ಅದನ್ನೇ ಹಾಕತೊಡಗಿದೆ.

ಮೊದಲ ಬಲಿ ಬನವಾಸಿ ಕಡೆಯ ಒಬ್ಬ ನಾಟಿ ವೈದ್ಯರು. ಮೂಲವ್ಯಾಧಿಗೆ ಔಷಧ ಕೊಡುವವರು. ಅವರ ಪುಟವನ್ನು ನೇರಳೆ ಬಣ್ಣದ ಕಾಮಿಕ್ ಸಾನ್ಸಿನಲ್ಲಿ ಮಾಡಿ, ರೋಗಲಕ್ಷಣಗಳ ಸಾಲು ಎಡದಿಂದ ಬಲಕ್ಕೆ ಓಡುವಂತೆ ಮಾಡಿದ್ದೆ. ವೈದ್ಯರು ಪರದೆಯ ಮುಂದೆ ಕೈಕಟ್ಟಿ ಕುಳಿತು, ತಮ್ಮ ಲಕ್ಷಣಗಳು ಓಡುವುದನ್ನು ಎರಡು ಸುತ್ತು ನೋಡಿದರು.

“ಏನ್ರೀ ಇದು? ಬ್ಯಾನಿ ತಿನ್ನೋ ಮಂದಿ ಬರ್ತಾರ್ರೀ ನನ್ನ ಕಡೆ. ಅವ್ರಿಗೆ ಕೂಡಾಕೂ ಆಗಾಂಗಿಲ್ಲ. ನೀವು ಸರ್ಕಸ್ಸಿನ ಜಾಹೀರಾತು ಮಾಡೀರಿ,” ಎಂದು ಎದ್ದು ಹೋದರು.

ಮಾಲಕರು ಸಿಟ್ಟಿನ ಮನುಷ್ಯರಲ್ಲ. ಆದರೂ ಅವತ್ತು ಕನ್ನಡಕ ತೆಗೆದು ಒರೆಸಿಕೊಂಡು, “ನೋಡು, ನಾಳೆಯಿಂದ ಆ ಕುಣಿಯೋ ಅಕ್ಷರ ಬಂದ್. ಗಿರಾಕಿಗೆ ಮರ್ಯಾದೆ ಇರೋ ಅಕ್ಷರ ಹಾಕು,” ಎಂದರು. ಮರ್ಯಾದೆ ಇರುವ ಅಕ್ಷರ ಎಂದರೆ ನೋಟೀಸುಗಳಲ್ಲಿ ಬರುವಂಥದ್ದು. ಮೂರು ವಾರ ಅದನ್ನೇ ಹಾಕಿದೆ. ನಾನು ಮಾಡಿದ ಪ್ರತಿ ಪುಟವೂ ಕರೆಂಟ್ ಬಿಲ್ ಕಟ್ಟದವರಿಗೆ ಕಳಿಸಿದ ಎಚ್ಚರಿಕೆಯ ಹಾಗೆ ಕಾಣುತ್ತಿತ್ತು.

ಆಗ ಬಂದವಳು ದೊಡ್ಡಾಯಿ. ನನಗೆ ಸಂಬಂಧವೇನಲ್ಲ. ಸಿದ್ದಾಪುರದ ಹೆಗ್ಗರಣೆ ಹತ್ತಿರದವಳು, ಅರವತ್ತು ದಾಟಿದವಳು, ಊರೂರು ತಿರುಗಿ ಸಂಬಂಧ ಕೂಡಿಸುವವಳು. ನಮ್ಮಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ದೊಡ್ಡಾಯಿ ಎಂದು. ಮೆಟ್ಟಿಲು ಹತ್ತಿ ಬಂದ ಸುಸ್ತಿಗೆ ನನ್ನ ಕುರ್ಚಿಯಲ್ಲೇ ಕೂತು, ಸೆರಗಿನಲ್ಲಿ ಗಾಳಿ ಹಾಕಿಕೊಂಡು, ಯಾರ ಮನೆಯವಳು ನೀನು, ಅಜ್ಜನ ಮನೆ ಯಾವುದು, ಜಾತಕ ಇದೆಯೋ ಇಲ್ಲವೋ ಎಲ್ಲ ಕೇಳಿ ಮುಗಿಸಿ ಕೊನೆಗೆ ಕೆಲಸದ ಮಾತಿಗೆ ಬಂದಳು.

“ಈಗ ಮದುವೆ ವಯಸ್ಸಿನ ಕೂಸ್ಗ ಎಲ್ಲಿದ್ದ ಹೇಳು?”

ಹುಡುಗಿಯರೆಲ್ಲ ಹುಬ್ಬಳ್ಳಿ, ಮೈಸೂರು, ಪುಣೆ ಸೇರಿದ್ದಾರೆ ಎಂದೆ.

“ಅದಲ್ದೇ ತಂಗಿ. ಎಲ್ಲಾ ಊರಲ್ಲೂ ಒಂದೇ ಕಡೆ ಇದ್ದ. ಕಂಪ್ಯೂಟರ್ ಎದ್ರಿಗೆ. ನಮ್ಮ ಮಾಣಿಗ ಎಲ್ಲಿದ್ದ? ಇಲ್ಲಿ, ಮುಖ ಒಣಗಿಸ್ಕ್ಯಂಡು. ಆ ಕೂಸ್ಗಳ ಎದ್ರಿಗೆ ಇವರ ಹೋಗಿ ಕೂರಿಸವು. ಅದಕ್ಕೆ ಎಂತೋ ಇದ್ದಡ ಅಲ್ದಾ, ವೆಬ್‌ಸೈಟು? ಅದು ಮಾಡ್ಕೊಡು.”

ಕನ್ನಡದಲ್ಲಿ ಮಾಡುವಂತಿರಲಿಲ್ಲ. ಆ ಕಾಲಕ್ಕೆ ನಾವು ಕನ್ನಡದಲ್ಲಿ ಹಾಕಿದ ಪುಟ ಬೇರೆಯವರ ಕಂಪ್ಯೂಟರಿನಲ್ಲಿ ಚೌಕ, ಪ್ರಶ್ನಾರ್ಥಕ, ಸೊನ್ನೆಗಳಾಗಿ ಕಾಣುತ್ತಿತ್ತು. ಇಂಗ್ಲಿಷೇ ಗತಿ ಎಂದೆ. ತನಗೆ ಇಂಗ್ಲಿಷಿನ ಒಂದಕ್ಷರವೂ ಬಾರದು, ಅಡ್ಡಿಯಿಲ್ಲ, ಗಂಡುಗಳಿಗೂ ಅಷ್ಟಕ್ಕಷ್ಟೇ ಎಂದಳು. ಆದರೂ ಅಕ್ಷರ ಹೇಗಿರುತ್ತದೆ ತೋರಿಸು ಎಂದಳು. ಐದಾರು ನಮೂನೆ ಪರದೆಯ ಮೇಲೆ ಹಾಕಿದೆ. ಮಾಲಕರು ಪಕ್ಕದಲ್ಲೇ ಇದ್ದರೂ ಆಸೆ ತಡೆಯದೆ ಕೊನೆಯಲ್ಲಿ ನನ್ನದನ್ನೂ ಸೇರಿಸಿದೆ. ದೊಡ್ಡಾಯಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಒಂದೊಂದನ್ನೇ ನೋಡಿದಳು. ಮೊದಲನೆಯದಕ್ಕೆ ‘ಕೋರ್ಟು’, ಎರಡನೆಯದಕ್ಕೆ ‘ಇದೂ ಕೋರ್ಟೇ’ ಎಂದು ದಾಟಿಸಿ, ನನ್ನದರ ಮೇಲೆ ಬೆರಳಿಟ್ಟಳು.

“ಇದು ನಗಾಡ್ತಾ ಇದ್ದು. ಇದೇ ಹಾಕು.”

ಮಾಲಕರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ. ಗಿರಾಕಿ ಕೇಳಿದ ಮೇಲೆ ಅವರು ಏನು ಹೇಳುತ್ತಾರೆ?

ಮರುದಿನದಿಂದಲೇ ಗಂಡುಗಳ ಬಯೋಡೇಟಾ ಬರತೊಡಗಿದವು. ಫೋಟೋಗಳೋ ಎಲ್ಲ ಸ್ಟುಡಿಯೋದವು, ಹಿಂದೆ ಬಣ್ಣ ಬಳಿದ ಸರೋವರ ಅಥವಾ ಹಿಮಾಲಯ. ಆಗಿನ ಟೆಲಿಫೋನು ಲೈನಿನಲ್ಲಿ ಒಂದು ಫೋಟೋ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಇಳಿಯುತ್ತಿತ್ತು. ಮೊದಲು ಕೂದಲು, ಆಮೇಲೆ ಹಣೆ, ಮೂಗು ಬರುವಷ್ಟರಲ್ಲಿ ಲೈನು ಕಡಿದುಹೋಗುತ್ತಿತ್ತು. ಕೂದಲಿಲ್ಲದವರ ಪಾಡು ಕೇಳುವುದೇ ಬೇಡ.

ಬಯೋಡೇಟಾಗಳಲ್ಲಿ ಎಲ್ಲರೂ ಒಂದೇ ಆಗಿದ್ದರು. ಸದ್ಗುಣಿ, ಮಿತಭಾಷಿ, ಯಾವುದೇ ದುಶ್ಚಟವಿಲ್ಲ, ಹವ್ಯಾಸ ಓದುವುದು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಕಾಮಿಕ್ ಸಾನ್ಸಿನಲ್ಲಿ ಹಾಕಿ ನೋಡಿದೆ. ಎಂಥದೋ ತಪ್ಪಿತು. ಕೋರ್ಟಿನ ಅಕ್ಷರದಲ್ಲಿ ಸದ್ಗುಣಿ ಎಂದರೆ ನಂಬಬೇಕು, ಬೇರೆ ದಾರಿಯಿಲ್ಲ. ಈ ಅಕ್ಷರದಲ್ಲಿ ಸದ್ಗುಣಿ ಎಂದು ಬರೆದರೆ ಯಾರೋ ಹಿಂದೆ ನಿಂತು ಕಿಸಕ್ಕೆಂದಂತೆ ಕೇಳುತ್ತಿತ್ತು.

ದೊಡ್ಡಾಯಿಗೆ ಓದಿ ಹೇಳಿದೆ. ಅವಳಿಗೂ ನಗು ತಡೆಯಲಾಗಲಿಲ್ಲ.

“ಅವಂಗೆ ಚಟ ಇಲ್ಯಾ? ದಿನಕ್ಕೆ ಇಪ್ಪತ್ತು ಕವಳ ಹಾಕ್ತ. ಅವನ ಅಂಗಿ ನೋಡಿದ್ದಿಲ್ಯ ನೀನು.”

“ಹಂಗಾರೆ ಎಂತ ಬರೆಯಲಿ ದೊಡ್ಡಾಯಿ?”

“ಇದ್ದಿದ್ದು ಬರೆ. ಸುಳ್ಳು ಹೇಳಿ ಮದುವೆ ಮಾಡ್ಸಿ ಆನು ಎಷ್ಟು ಮನೆಲಿ ಬೈಸ್ಕ್ಯಂಡಿದ್ದೆ ನಿಂಗೆ ಗೊತ್ತಿದ್ದಾ?”

ಹಾಗೆ ಶುರುವಾಯಿತು. ಅವಳು ಕಾಲು ಚಾಚಿ ಕೂತು ಹೇಳುತ್ತಿದ್ದಳು, ನಾನು ನನಗೆ ಬರುವ ಬಿ.ಕಾಂ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ‘ಎಲೆಯಡಿಕೆ ಕವಳ ಹಾಕುತ್ತಾನೆ, ಆದರೆ ಉಗುಳುವ ಮೊದಲು ಆಚೆಗೆ ಹೋಗುತ್ತಾನೆ.’ ‘ತಾಯಿಗೆ ಹೆದರುತ್ತಾನೆ. ತಾಯಿ ಒಳ್ಳೆಯವಳು, ಹೆದರುವ ಅಗತ್ಯವಿಲ್ಲ.’ ‘ಓದುವುದು ಹವ್ಯಾಸ ಎಂದಿದ್ದಾನೆ, ನೋಡಿದವರಿಲ್ಲ.’ ‘ಅಡಿಗೆ ಬರುತ್ತದೆ. ಯಾರಿಗೂ ಹೇಳಬೇಡಿ ಎಂದಿದ್ದಾನೆ.’

ಯಲ್ಲಾಪುರದ ಒಬ್ಬ ನಿವೃತ್ತ ಹೆಡ್ಮಾಸ್ತರರ ಮಗನ ಸರದಿ ಬಂತು. ಮೂವತ್ಮೂರು ವಯಸ್ಸು, ಕಿರವತ್ತಿಯಲ್ಲಿ ಹೆದ್ದಾರಿ ಪಕ್ಕ ಪಂಪ್‌ಸೆಟ್ ರಿಪೇರಿ ಅಂಗಡಿ. ದೊಡ್ಡಾಯಿ ಒಂದು ಕ್ಷಣ ಯೋಚಿಸಿದಳು.

“ಮಾಣಿ ಚಿನ್ನ. ಮಾತು ಕಡಿಮೆ, ಕೈ ಶುದ್ಧ. ಆದ್ರೆ ಗೊರಕೆ ಹೊಡೆತ. ಹೋದ ವರ್ಷ ಅವರ ಮನೆಲಿ ಉಳ್ಕಂಡಿದ್ದೆ. ಗೋಡೆಯಾಚೆ ಮಲಗಿದ್ದೆ ನೋಡು, ಲಾರಿ ಘಟ್ಟ ಹತ್ತಿದಂಗೆ!”

ನಾನು ಬರೆದೆ: ‘ಲಾರಿ ಘಟ್ಟ ಹತ್ತಿದಂತೆ ಗೊರಕೆ ಹೊಡೆಯುತ್ತಾನೆ. ಉಳಿದ ಸಮಯದಲ್ಲಿ ನಿಶ್ಶಬ್ದ.’ ಪುಟವನ್ನು ಪುಕ್ಕಟೆ ಜಾಗ ಕೊಡುವ ಒಂದು ಕಡೆ ಏರಿಸಿದೆವು. ದೊಡ್ಡಾಯಿ ತಾನು ಹೋದಲ್ಲೆಲ್ಲ ಅದರ ವಿಳಾಸವನ್ನು ಚೀಟಿಯಲ್ಲಿ ಬರೆಸಿ ಹಂಚಿದಳು.

ಎರಡು ವಾರದೊಳಗೆ ಹೆಡ್ಮಾಸ್ತರರು ಮೆಟ್ಟಿಲು ಹತ್ತಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕೈಯಲ್ಲಿ ನಮ್ಮ ಪುಟದ ಪ್ರಿಂಟು. ಹುಬ್ಬಳ್ಳಿಯಲ್ಲಿರುವ ಅವರ ತಮ್ಮನ ಮಗ ಕಂಡು, ತೆಗೆದು ಕಳಿಸಿದ್ದನಂತೆ.

“ಇದನ್ನು ರಚಿಸಿದವರು ಯಾರು?” ಪುಸ್ತಕದ ಕನ್ನಡದಲ್ಲೇ ಕೇಳಿದರು.

ನಾನು ಎದ್ದು ನಿಂತೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವರ ದನಿ ಕೇಳಿದರೆ ಕಾಲು ತಾನಾಗಿ ನಿಲ್ಲುತ್ತದೆ.

“ಇದೇನು ಅಕ್ಷರವೇ? ಒಂದನೇ ಇಯತ್ತೆಯ ಹುಡುಗ ಹೀಗೆ ಬರೆದಿದ್ದರೂ ಕಿವಿ ಹಿಂಡುತ್ತಿದ್ದೆ. ನನ್ನ ಮಗನ ವಿಷಯವನ್ನು ಇಂಥ ಅಕ್ಷರದಲ್ಲಿ ಪ್ರಪಂಚಕ್ಕೆಲ್ಲ ಸಾರಿದ್ದೀರಿ. ಅದರಲ್ಲೂ ಏನು ವಿಷಯ! ಇದನ್ನು ಈಗಿಂದೀಗಲೇ ತೆಗೆಯತಕ್ಕದ್ದು.”

ಕಾಗದವನ್ನು ಮೇಜಿನ ಮೇಲಿಟ್ಟರು. ನೋಡುತ್ತೇನೆ, ಕೆಂಪು ಪೆನ್ನಿನಲ್ಲಿ ಇಡೀ ಪುಟವನ್ನು ತಿದ್ದಿದ್ದಾರೆ! ಅಲ್ಪವಿರಾಮಗಳನ್ನು ಹಾಕಿದ್ದಾರೆ, ಕಾಲಗಳನ್ನು ಸರಿಪಡಿಸಿದ್ದಾರೆ. ‘ಲೈಕ್ ಲಾರಿ’ ಎಂದಿದ್ದಲ್ಲಿ ನಡುವೆ ಸಣ್ಣದೊಂದು ‘ಎ’ ಸೇರಿಸಿದ್ದಾರೆ. ಮಗನ ಮರ್ಯಾದೆ ಹೋದರೂ ವ್ಯಾಕರಣ ಹೋಗಬಾರದು. ನನಗೆ ನಗು ಬಂತು, ಅದನ್ನು ನುಂಗಲು ಹೋಗಿ ಕೆಮ್ಮು ಬಂತು. ಮಾಲಕರು ಓಡಿಬಂದು ಅವರಿಗೆ ಕುರ್ಚಿ ಕೊಟ್ಟು, ನನ್ನ ಪರವಾಗಿ ತಪ್ಪಾಯಿತೆಂದರು. ಅವರೆದುರಿಗೇ ನಾನು ಗೊರಕೆಯ ಸಾಲು ಅಳಿಸಿದೆ. ಮಗನ ವಿವರವನ್ನು ಅವರು ಬರೆದುಕೊಂಡು ಬಂದ ಹಾಗೆಯೇ, ಸದ್ಗುಣ ಸಮೇತ, ಕೋರ್ಟಿನ ಅಕ್ಷರದಲ್ಲಿ ಹಾಕಿದೆ. ಉಳಿದ ಗಂಡುಗಳೆಲ್ಲ ನಗಾಡುತ್ತಿರುವಾಗ ಅವನೊಬ್ಬ ಮದುವೆಮನೆಗೆ ಕರಿ ಕೋಟು ಹಾಕಿಕೊಂಡು ಬಂದ ವಕೀಲನ ಹಾಗೆ ಕಾಣುತ್ತಿದ್ದ.

ಮಾಸ್ತರರು ಹೋದ ಮೇಲೆ ನನಗೆ ನಗು ಉಳಿಯಲಿಲ್ಲ. ಆ ಮನುಷ್ಯ ಆ ಬಿಸಿಲಲ್ಲಿ ಯಲ್ಲಾಪುರದಿಂದ ಬಸ್ಸು ಹತ್ತಿ ಬಂದಿದ್ದರು. ಮಗನಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದೇ ಅವರಿಗೆ ಸಾಕಷ್ಟಿತ್ತು. ಅದರ ಮೇಲೆ ನಾನು, ಒಂದು ಪರದೆಯ ಹಿಂದೆ ಕೂತು, ಕಂಡಿರದ ಒಬ್ಬನ ಗೊರಕೆಯನ್ನು ಊರಿಗೆಲ್ಲ ಹಂಚಿ ಖುಷಿಪಟ್ಟಿದ್ದೆ. ಆ ಸಂಜೆ ಉಳಿದವರ ಸಾಲುಗಳನ್ನೂ ಮೆದು ಮಾಡಲು ಕುಳಿತೆ. ಆದರೆ ತಾಯಿಗೆ ಹೆದರುವವನನ್ನು ಹೇಗೆ ಮೆದು ಮಾಡುವುದು ಎಂದು ತಿಳಿಯದೆ ಬಿಟ್ಟುಬಿಟ್ಟೆ.

ಮುಂದಿನ ವಾರ ಒಂದು ಈಮೇಲ್ ಬಂತು. ಅಲ್ಲಿಯವರೆಗೆ ಬಂದ ಪತ್ರಗಳೆಲ್ಲ ಎತ್ತರ ಎಷ್ಟು, ನಕ್ಷತ್ರ ಯಾವುದು ಎನ್ನುವಂಥವು. ಇದು ಬೇರೆ. ಸಿದ್ದಾಪುರ ತಾಲೂಕಿನವಳೇ, ಧಾರವಾಡದಲ್ಲಿ ಲ್ಯಾಬ್ ಟೆಕ್ನೀಶಿಯನ್ ಆಗಿರುವವಳು ಬರೆದಿದ್ದಳು. ಇಂಗ್ಲಿಷಿನಲ್ಲಿತ್ತು, ಆದರೆ ನಮ್ಮ ಮಾತೇ. ‘ಹೋದ ವಾರ ನಿಮ್ಮ ಪುಟದಲ್ಲಿ ಗೊರಕೆ ಹೊಡೆಯುವವರು ಒಬ್ಬರಿದ್ದರು. ಈಗ ಆ ಸಾಲೇ ಇಲ್ಲ. ಅವರಿಗೆ ಮದುವೆ ನಿಕ್ಕಿಯಾಯಿತೇ? ಆಗಿದ್ದರೆ ಒಳ್ಳೆಯದಾಗಲಿ. ಆಗಿರದಿದ್ದರೆ ಒಂದು ವಿಷಯ ಹೇಳಬೇಕು. ನಾನೂ ಹೊಡೆಯುತ್ತೇನೆ. ಹಾಸ್ಟೆಲಿನಲ್ಲಿ ಮೂವರು ರೂಮು ಬದಲಿಸಿಕೊಂಡು ಹೋದರು. ಮನೆಯವರು ಇದನ್ನು ಯಾರಿಗೂ ಹೇಳಬಾರದು ಎಂದಿದ್ದಾರೆ. ಮೂರು ಗಂಡುಗಳ ಎದುರು ಉಪ್ಪಿಟ್ಟು ಹಿಡಿದುಕೊಂಡು ಹೋಗಿ, ಮೂರು ಸಲವೂ ಮೊದಲ ರಾತ್ರಿಯನ್ನು ನೆನೆದು ಹೆದರಿ ಬೇಡ ಎಂದಿದ್ದೇನೆ. ನಿಮ್ಮ ಪುಟದಲ್ಲಿ ಅಷ್ಟು ಸಲೀಸಾಗಿ ಬರೆದದ್ದು ನೋಡಿ ನಗು ಬಂತು, ಆಮೇಲೆ ಅಳು ಬಂತು.’

ಎರಡು ಸಲ ಓದಿದೆ. ಮಾಲಕರನ್ನು ಕರೆದು ಓದಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಈ ಸಲ ಸಿಟ್ಟಿಗಲ್ಲ. “ದೊಡ್ಡಾಯಿಗೆ ಫೋನ್ ಹಚ್ಚು,” ಎಂದರು.

ಎರಡು ದಿನ ಬಿಟ್ಟು ನಾನೂ ದೊಡ್ಡಾಯಿಯೂ ಯಲ್ಲಾಪುರದ ಬಸ್ಸು ಹತ್ತಿದೆವು. ಹೆಡ್ಮಾಸ್ತರರು ನನ್ನನ್ನು ಕಂಡು ಮುಖ ಗಂಟಿಕ್ಕಿದರೂ ಪದ್ಧತಿ ಬಿಡದೆ ಕೈಕಾಲು ತೊಳೆಯಲು ನೀರು ಕೊಟ್ಟರು. ಅವರ ಹೆಂಡತಿ ಒಳಗಿಂದ ಆಸ್ರಿಗೆ, ಬಾಯಾರಿಕೆಗೆ ಎಂದು ಬೆಲ್ಲ ನೀರು ತಂದಿಟ್ಟು ಅಡಿಗೆಮನೆ ಬಾಗಿಲಲ್ಲಿ ನಿಂತರು. ನಾನು ಪತ್ರ ಓದಿ, ಕನ್ನಡದಲ್ಲಿ ಹೇಳಿದೆ.

“ಹೆಣ್ಣುಮಗಳು ಗೊರಕೆ ಹೊಡೆಯುವುದೆಂದರೆ...” ಎಂದು ಮಾಸ್ತರರು ರಾಗ ಎಳೆದರು. “ಮನೆತನಕ್ಕೆ ಅದು ಶೋಭೆಯಲ್ಲ.”

“ನಿಂಗಳ ಮಾಣಿ ಹೊಡೆದ್ರೆ ಸಂಗೀತವಾ?” ಎಂದಳು ದೊಡ್ಡಾಯಿ.

“ಗಂಡಸಿನ ಪ್ರಶ್ನೆ ಬೇರೆ. ಅದಲ್ಲದೆ ನಮ್ಮ ವಂಶದಲ್ಲಿ ಯಾರಿಗೂ ಈ ಅಭ್ಯಾಸವಿಲ್ಲ. ಅವನಿಗೆ ಎಲ್ಲಿಂದ ಬಂತೋ ತಿಳಿಯದು.”

ಆಗ ಅಡಿಗೆಮನೆ ಬಾಗಿಲಿಂದ ದನಿ ಬಂತು. ಮೆತ್ತಗೇ ಬಂತು.

“ನಿಂಗ ಹೊಡೆತ್ರಿಲ್ಯಾ?”

ಮಾಸ್ತರರು ತಿರುಗಿದರು.

“ಮೂವತ್ತೈದು ವರ್ಷಾತು. ಆನು ಯಾರ ಹತ್ರನಾದ್ರೂ ಹೇಳಿದ್ನಾ? ಕಿವಿಗೆ ಹತ್ತಿ ಇಟ್ಕಂಡು ಮಲಗ್ತೆ. ಮಾಣಿಗೆ ಎಲ್ಲಿಂದ ಬಂತು ಹೇಳಿ ಕೇಳ್ತ್ರಲಿ, ಅಂಗಡಿಯಿಂದ ತಂದಿದ್ದಲ್ಲ ಅದು.”

ನಾನು ಲೋಟದೊಳಗೆ ನೋಡುತ್ತ ಕುಳಿತೆ. ಮಾಸ್ತರರ ಪುಸ್ತಕದ ಕನ್ನಡ ಎಲ್ಲಿಗೆ ಹೋಯಿತೋ ಏನೋ. ಚಿಕ್ಕ ಹುಡುಗನ ಹಾಗೆ ಕೇಳಿದರು: “ಯಂಗೆ ಗೊತ್ತೇ ಇತ್ತಿಲ್ಲೆ. ಖರೇವಾ?”

“ಖರೇ. ಲಾರಿಯಲ್ಲ, ನಿಂಗಳದ್ದು ಬಸ್ಸು,” ಎಂದರು ಆ ಹೆಂಗಸು, ಖಾಲಿ ಲೋಟ ತೆಗೆದುಕೊಳ್ಳುತ್ತ. ಮೊದಲು ನಕ್ಕದ್ದು ದೊಡ್ಡಾಯಿ. ಆಮೇಲೆ ಮಾಸ್ತರರೇ ನಕ್ಕರು, ಅಭ್ಯಾಸವಿಲ್ಲದವರು ನಗುವ ಹಾಗೆ, ಬಾಯಿಗೆ ಕೈ ಅಡ್ಡ ಹಿಡಿದು.

ಅಲ್ಲಿಂದ ಕಿರವತ್ತಿಗೆ ಹೋದೆವು. ಮಾಣಿ ಅಂಗಡಿಯ ಮುಂದೆ ಒಂದು ಪಂಪು ಬಿಚ್ಚಿ ಹರಡಿಕೊಂಡು ಕುಳಿತಿದ್ದ. ಅಪ್ಪ ಅಷ್ಟು ರಾದ್ಧಾಂತ ಮಾಡಿದ್ದು ಅವನಿಗೆ ಗೊತ್ತಿತ್ತು. ಹಾಗಾಗಿ ನಾನು ಯಾರೆಂದು ತಿಳಿದ ಕೂಡಲೇ ಕಿವಿ ಕೆಂಪಾಯಿತು. ನಾನು ತಪ್ಪಾಯಿತು ಎಂದೆ. “ಬರೆದದ್ದು ಖರೇಯೇ ಅಲ್ದಾ, ಅದಕ್ಕೆಂತ,” ಎಂದ. ಕೈ ಎಣ್ಣೆಯಾದ್ದರಿಂದ ಪತ್ರವನ್ನು ನಾನೇ ಅವನ ಮುಂದೆ ಹಿಡಿದುಕೊಂಡೆ. ತುಟಿ ಅಲ್ಲಾಡಿಸುತ್ತ ನಿಧಾನಕ್ಕೆ ಓದಿದ. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು, ನಾನು ಅತ್ತ ನೋಡದಿರಲು ಬಹಳ ಕಷ್ಟಪಟ್ಟೆ.

ಓದಿ ಮುಗಿಸಿ ಒಂದೇ ಮಾತು ಹೇಳಿದ. “ಪಾಪ, ಎಷ್ಟು ಹೆದರಿಕ್ಯಂಡಿದ್ದು ಅದು.”

ದೊಡ್ಡಾಯಿ ನನ್ನ ಸೊಂಟಕ್ಕೆ ತಿವಿದಳು. ಅವಳ ಪಾಲಿಗೆ ಮದುವೆ ಅಲ್ಲೇ ಆಗಿಹೋಗಿತ್ತು.

ನೋಡುವ ಶಾಸ್ತ್ರ ಹೆಗ್ಗರಣೆಯಲ್ಲಿ, ದೊಡ್ಡಾಯಿಯ ಮನೆಯಲ್ಲೇ. ಕೂಸಿನ ಮನೆಯವರಿಗೆ ಪತ್ರದ ವಿಷಯ ಗೊತ್ತಿರಲಿಲ್ಲ. ಅವಳ ಅಪ್ಪ ಗಂಡಿನ ಅಂಗಡಿ, ಆರೋಗ್ಯ ಎಲ್ಲ ವಿಚಾರಿಸಿ, “ನಮ್ಮ ಕೂಸಿಗೂ ಎಂತ ತೊಂದರೆಯೂ ಇಲ್ಲೆ,” ಎಂದು ಒತ್ತಿ ಒತ್ತಿ ಹೇಳಿದರು. ಹೆಡ್ಮಾಸ್ತರರು ಗಂಭೀರವಾಗಿ, “ನಮ್ಮಲ್ಲೂ ಹಾಗೆಯೇ,” ಎಂದರು. ಅವರ ಹೆಂಡತಿ ಸೆರಗನ್ನು ಬಾಯಿಗೆ ಹಿಡಿದುಕೊಂಡು ಹಿತ್ತಿಲಿಗೆ ಹೋದರು.

ಹುಡುಗ ಹುಡುಗಿ ಮಾತಾಡಲಿ ಎಂದು ಇಬ್ಬರನ್ನೂ ಜಗುಲಿಯ ತುದಿಗೆ ಕಳಿಸಿ, ಪದ್ಧತಿ ಪ್ರಕಾರ ಕಾವಲಿಗೆ ನನ್ನನ್ನು ಕೂರಿಸಿದರು. ಅವಳು ತೆಳ್ಳಗೆ ಎತ್ತರಕ್ಕಿದ್ದಳು. ಇಷ್ಟು ಸಣ್ಣ ಜೀವದಿಂದ ಮೂವರು ರೂಮು ಬಿಟ್ಟು ಓಡುವಂಥ ಸದ್ದು ಹೇಗೆ ಹೊರಡುತ್ತದೋ ಎಂದು ನಾನು ಯೋಚಿಸುತ್ತಿದ್ದೆ. ಕೊನೆಗೆ ಅವಳೇ ಕೇಳಿದಳು.

“ಖರೇ ಲಾರಿ ಥರವೇಯಾ?”

ಅವನು ಯೋಚಿಸಿ, ರಿಪೇರಿಯವನ ಪ್ರಾಮಾಣಿಕತೆಯಿಂದ ಹೇಳಿದ: “ಯಂಗೆ ಕೇಳ್ತಿಲ್ಲೆ ಅಲ್ದಾ. ಆದ್ರೆ ದಣಿದ ದಿನ ಜಾಸ್ತಿ ಹೇಳಿ ಆಯಿ ಹೇಳ್ತು. ನಿಂದು?”

“ಯಂಗೂ ಕೇಳ್ತಿಲ್ಲೆ.”

“ಹಂಗಾರೆ ನಮಗೆಂತ ತೊಂದರೆ,” ಎಂದ ಅವನು. “ತೊಂದರೆ ಪಕ್ಕದ ಮನೆಯವಕ್ಕೆ.”

ಅವಳು ನಕ್ಕ ದನಿ ಒಳಗಿನವರೆಗೂ ಕೇಳಿಸಿತು. ಮಾಗಿಯಲ್ಲಿ ಮದುವೆ ಆಯಿತು. ಒಂದು ವರ್ಷದ ಮೇಲೆ ಅವಳು ಶಿರಸಿಗೆ ಬಂದಾಗ ನಮ್ಮ ಸೆಂಟರಿಗೂ ಬಂದಳು. ಮೊದಲ ಒಂದು ವಾರ ಇಬ್ಬರೂ ನಿದ್ದೆಯನ್ನೇ ಮಾಡಲಿಲ್ಲವಂತೆ. ನೀವು ಮೊದಲು, ನೀನು ಮೊದಲು ಎಂದು ಕಾದು ಕಾದು, ಎಂಟನೆಯ ದಿನ ಸುಸ್ತಾಗಿ ಒಟ್ಟಿಗೇ ಮಲಗಿದರಂತೆ. ಅತ್ತೆ ಮರುದಿನ ಬೆಳಿಗ್ಗೆ ಮಾತಿಲ್ಲದೆ ಅವಳ ಕೈಗೆ ಹತ್ತಿಯ ಒಂದು ಉಂಡೆ ಕೊಟ್ಟು, “ಆನು ಎರಡು ಪಟ್ಟು ಇಟ್ಕಂಡಿದ್ದೆ, ನಿಂಗೂ ಬೇಕಾದ್ರೆ ಇರ್ಲಿ,” ಎಂದರಂತೆ.

ಈ ಮದುವೆಯ ಸುದ್ದಿ ಮೂರು ತಾಲೂಕಿನಲ್ಲೂ ಹಬ್ಬಿತು. ಆಮೇಲೆ ಗಂಡುಗಳ ಅಪ್ಪಂದಿರು ತಾವಾಗಿಯೇ ಬಂದು ಮಕ್ಕಳ ಕುಂದುಗಳನ್ನು ಹೇಳತೊಡಗಿದರು. ಒಬ್ಬರಂತೂ ಮಗನಿಗೆ ಯಾವ ಕೊರತೆಯೂ ಇಲ್ಲವೆಂದು ಬೇಸರಪಟ್ಟು, ಏನಾದರೂ ಒಂದು ನೀವೇ ಹಾಕಿ ಎಂದರು. ಅವರ ಮಗ ಅಪ್ಪನ ಮಾತು ಕೇಳುತ್ತಾನೆ ಎಂದು ಹಾಕಿದೆ. ಎಲ್ಲರ ಮದುವೆಯೂ ಆಗಲಿಲ್ಲ. ಬಹಳ ಜನರ ಮದುವೆ ಆಗಲಿಲ್ಲ ಎನ್ನುವುದೇ ಸರಿ. ಅಕ್ಷರ ಎಷ್ಟು ನಕ್ಕರೂ ಹುಡುಗಿಯರು ಹಳ್ಳಿಗೆ ಬರಲು ಒಪ್ಪುತ್ತಿರಲಿಲ್ಲ, ಅವರದೂ ತಪ್ಪೇನಲ್ಲ. ದೊಡ್ಡಾಯಿ ಮಾತ್ರ ಬಿಡಲಿಲ್ಲ.

ಕೆಲವು ವರ್ಷ ಕಳೆದು ಹುಬ್ಬಳ್ಳಿಯಲ್ಲಿ ವೆಬ್ ಡಿಸೈನಿನ ಎರಡು ದಿನದ ಶಿಬಿರ ಇತ್ತು. ಮಾಲಕರು ಕಳಿಸಿಕೊಟ್ಟರು. ಪಾಠ ಮಾಡಲು ಬಂದವರು ತೀರ ಸಣ್ಣ ವಯಸ್ಸಿನವರು, ಕರಿ ಅಂಗಿ ತೊಟ್ಟವರು. ಕೆಟ್ಟ ಪುಟಗಳು ಹೇಗಿರುತ್ತವೆ ಎಂದು ತೋರಿಸುತ್ತ ಪರದೆಯ ಮೇಲೆ ಒಂದೇ ಸಾಲು ಹಾಕಿದರು, ಕಾಮಿಕ್ ಸಾನ್ಸಿನಲ್ಲಿ. ಇಡೀ ಕೋಣೆ ನಕ್ಕಿತು. ಜಗತ್ತಿನಲ್ಲಿ ಡಿಸೈನು ಗೊತ್ತಿರುವ ಯಾರೂ ಇದನ್ನು ಮುಟ್ಟುವುದಿಲ್ಲ, ಇದನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ ಎಂದರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಒಳಗೆ ಮಾತ್ರ, ಮೇಳಕ್ಕೆಂದು ಇದ್ದುದರಲ್ಲೇ ಚಂದದ ಸೀರೆ ಉಟ್ಟು ಹೋದವಳಿಗೆ, ಅದು ಹಾಸಿಗೆಗೆ ಹಾಸುವ ಬಟ್ಟೆ ಎಂದು ಯಾರೋ ಹೇಳಿದಂತಾಗಿತ್ತು.

ವಾಪಸು ಬಂದವಳೇ ದೊಡ್ಡಾಯಿಯ ಪುಟವನ್ನು ಪೂರ್ತಿ ಬದಲಿಸಿದೆ. ತಿಳಿ ಬೂದು ಬಣ್ಣ, ಸಪೂರ ಅಕ್ಷರ, ಸುತ್ತ ಬೇಕಾದಷ್ಟು ಖಾಲಿ ಜಾಗ. ಮುಂದಿನ ಸಲ ಬಂದ ದೊಡ್ಡಾಯಿಗೆ ಹೆಮ್ಮೆಯಿಂದ ತೋರಿಸಿದೆ. ಓದಲು ಬಾರದ ಆ ಹೆಂಗಸು ಪರದೆಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ ಗಾಬರಿಯಿಂದ ಕೇಳಿದಳು:

“ಎಂತಾತೇ ತಂಗಿ? ಯಾರು ಸತ್ತ?”

ಹುಬ್ಬಳ್ಳಿಯಲ್ಲಿ ಕಲಿತದ್ದೆಲ್ಲ ಹೇಳಿದೆ. ತಿಳಿದವರು ನಗುತ್ತಾರೆ ಎಂದೆ.

“ಅವು ಮದುವೆ ಆಗ್ತ್ವಾ ನಮ್ಮ ಮಾಣಿಗಳ?”

“ಇಲ್ಲೆ.”

“ಹಂಗಾರೆ ಅವು ಓದದೇ ಇದ್ರಾತು.”

ಅವತ್ತೇ ಹಿಂದಿನದನ್ನು ಮತ್ತೆ ಹಾಕಿದೆ. ಉಳಿದ ಗಿರಾಕಿಗಳಿಗೆ ಮಾತ್ರ ಬೂದು ಬಣ್ಣವೇ ಗಟ್ಟಿಯಾಯಿತು. ನಾನು ಅಷ್ಟೇನೂ ಧೈರ್ಯವಂತೆಯಲ್ಲ.

ಪುಕ್ಕಟೆ ಜಾಗ ಕೊಟ್ಟಿದ್ದ ಕಂಪನಿ ಆ ದಶಕ ಮುಗಿಯುವ ಹೊತ್ತಿಗೆ ಬಾಗಿಲು ಹಾಕಿತು. ನಾನು ಅಷ್ಟರಲ್ಲಿ ಮದುವೆಯಾಗಿ, ಸಿದ್ದಾಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಒಂದು ದಿನ ವಿಳಾಸ ಒತ್ತಿದರೆ ಪುಟ ಸಿಗಲಿಲ್ಲ ಎಂದು ಬಂತು. ಪ್ರತಿ ತೆಗೆದಿಟ್ಟಿರಲಿಲ್ಲ. ಆಗೆಲ್ಲ ಹಾಗೆಲ್ಲ ತೋಚುತ್ತಿರಲಿಲ್ಲ, ಇಂಟರ್ನೆಟ್ಟಿನಲ್ಲಿ ಇಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬ ನಂಬಿಕೆ. ದೊಡ್ಡಾಯಿಗೆ ಫೋನು ಮಾಡಿ ತಿಳಿಸಿದೆ. ಅವಳಿಗೆ ಆಗ ಕಿವಿ ಮಂದವಾಗಿತ್ತು, ಮೂರು ಸಲ ಕೂಗಿ ಹೇಳಬೇಕಾಯಿತು. “ಹೋತಾ? ಹೋಗ್ಲಿ ಬಿಡು. ಆದ ಮದುವೆ ಎಂತ ಅಳಿಸಿ ಹೋಗ್ತಿಲ್ಲೆ,” ಎಂದು, ಮೊಮ್ಮಗಳ ಹಲ್ಲುನೋವಿನ ಸುದ್ದಿ ಶುರುಮಾಡಿದಳು.

ಆ ಶನಿವಾರ ತವರಿಗೆ ಹೋದೆ. ನನ್ನ ಮುಖ ನೋಡಿ ಆಯಿ, “ಎಂತಕ್ಕೆ ಸಪ್ಪಗಿದ್ದೆ?” ಎಂದು ಕೇಳಿದಳು.

“ಪುಟ ಹೋತು ಆಯಿ.”

“ಯಾವ ಪುಸ್ತಕದ್ದೇ?” ಎಂದಳು.

ಮೊದಲಿಂದ ಹೇಳಲು ಕುಳಿತೆ. ಕವಳದವನು, ತಾಯಿಗೆ ಹೆದರುವವನು, ಅಡಿಗೆ ಬರುವುದನ್ನು ಗುಟ್ಟಾಗಿಟ್ಟವನು ಎಲ್ಲರನ್ನೂ ನೆನಪಿನಿಂದಲೇ ಒಬ್ಬೊಬ್ಬರಾಗಿ ಒಪ್ಪಿಸಿದೆ. ಆಯಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿದಳು. ಅಡಿಗೆ ಬರುವವನ ಹತ್ತಿರ ಬಂದಾಗ, ಅವನಿಗೆ ಮದುವೆ ಆಯಿತಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. “ಹಂಗಾರೆ ದೊಡ್ಡಾಯಿಗೆ ಫೋನ್ ಹಚ್ಚಿ ಕೇಳು,” ಎಂದಳು ಆಯಿ.